ನಡುಮನೆಯಲ್ಲೊಂದು ಕಡಲು

1846ರ ಶರತ್ಕಾಲ. ಇಂಗ್ಲೆಂಡಿನ ದಕ್ಷಿಣ ತೀರದ ಟಾರ್ಕಿ ಎಂಬ ಊರಿಗೆ ಹೋಗಿದ್ದ ಆನಾ ಥಿನ್ ಎಂಬ ಗೃಹಿಣಿಗೆ ಕಡಲ ದಂಡೆಯ ಬಂಡೆಗಳಲ್ಲಿ ವಿಚಿತ್ರ ಜೀವಿಗಳು ಕಂಡವು. ನೋಡಲು ಹೂವಿನಂತಿದ್ದರೂ ಅವು ಹೂವಲ್ಲ. ಕಲ್ಲಿನ ಬಟ್ಟಲಿನೊಳಗೆ ಕುಳಿತು ಕೈಗಳನ್ನು ಚಾಚುವ, ಮುಟ್ಟಿದರೆ ಒಳಕ್ಕೆ ಸೇದಿಕೊಳ್ಳುವ ಪ್ರಾಣಿಗಳು. ತಣ್ಣನೆಯ ಕಡಲಲ್ಲಿ ಒಂಟಿಯಾಗಿ ಬದುಕುವ ಒಂದು ಜಾತಿಯ ಹವಳ ಅದು. ಆಕೆಗೆ ಅವನ್ನು ಲಂಡನ್ನಿನ ತನ್ನ ಮನೆಗೆ ಜೀವಂತವಾಗಿ ಒಯ್ಯುವ ಆಸೆಯಾಯಿತು. ದಾರಿಯ ಕುಲುಕಾಟದಲ್ಲಿ ಒಂದಕ್ಕೊಂದು ತಾಗಿ ಸಾಯದಿರಲೆಂದು ಸೂಜಿ ದಾರ ತೆಗೆದುಕೊಂಡು ಅವನ್ನು ಒಂದು ಸ್ಪಂಜಿಗೆ ಹೊಲಿದು, ಕಡಲ ನೀರು ತುಂಬಿದ ಜಾಡಿಯಲ್ಲಿ ಇಳಿಬಿಟ್ಟು ಒಯ್ದಳು.

ಮನೆಗೆ ಬಂದ ಮೇಲೆ ನಿಜವಾದ ತೊಂದರೆ ಶುರುವಾಯಿತು. ಲಂಡನ್ನಿನಲ್ಲಿ ಕಡಲಿಲ್ಲ. ತಂದ ನೀರು ಕೆಲವೇ ಗ್ಯಾಲನ್. ಅದು ಹಳಸುತ್ತ ಬಂದಂತೆ ಹವಳಗಳು ಬಾಡತೊಡಗಿದವು. ಕೊನೆಗೆ ಆಕೆ ಕಂಡುಕೊಂಡ ಉಪಾಯ ಸರಳವಾದದ್ದು. ತೆರೆದ ಕಿಟಕಿಯ ಮುಂದೆ ನಿಂತು ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ಸುರಿಯುವುದು, ಹೋಟೆಲಿನವರು ಕಾಫಿ ಆರಿಸುವ ಹಾಗೆ. ಪ್ರತಿ ಸಲವೂ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಗಾಳಿಯೊಂದಿಗೆ ಬೆರೆತ ನೀರು ಮತ್ತೆ ಬಳಕೆಗೆ ಯೋಗ್ಯವಾಗುತ್ತಿತ್ತು. ಸುರಿಯುವ ಕೆಲಸ ಮನೆಯ ಪುಟ್ಟ ಕೆಲಸದ ಹುಡುಗಿಯದು. ಅದು ಆಯಾಸದ ಕೆಲಸವಾದರೂ ಹುಡುಗಿಗೆ ಆಟದಂತಿತ್ತು ಎಂದು ಒಡತಿ ಬರೆದಿಟ್ಟಿದ್ದಾಳೆ. ಹುಡುಗಿಯ ಅಭಿಪ್ರಾಯವನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ.

ಮರುವರ್ಷ ಆನಾ ಥಿನ್ ಕಡಲ ಪಾಚಿಗಳನ್ನೂ ತರಿಸಿ ನೀರಿಗೆ ಹಾಕಿದಳು. ಗಿಡ ಕೊಟ್ಟ ಆಮ್ಲಜನಕ ಪ್ರಾಣಿಗೆ, ಪ್ರಾಣಿ ಬಿಟ್ಟ ಕಸ ಗಿಡಕ್ಕೆ. ಸಮತೋಲ ಕುದುರಿತು. ಹವಳಗಳು ಬದುಕಿದ್ದು ಮಾತ್ರವಲ್ಲ, ಮರಿಯನ್ನೂ ಹಾಕಿದವು. ಮನೆಯೊಳಗೆ ಹವಳ ಸಾಕುವ ಹವ್ಯಾಸದ ಮೊದಲ ಅಧ್ಯಾಯ ಇದು. ಆ ಹವ್ಯಾಸದ ಮೊದಲ ಪಂಪು ಒಬ್ಬ ಹುಡುಗಿಯ ಎರಡು ಕೈ.

ಆರು ಅಡಿಯ ಆಸೆ

ಇಂದಿನ ಬೆಂಗಳೂರಿನ ಒಂದು ಮನೆ ಎಂದಿಟ್ಟುಕೊಳ್ಳಿ. ಎರಡನೇ ಮಹಡಿ. ಒಂಬತ್ತನೇ ತರಗತಿಯ ಹುಡುಗ ಟೀವಿಯಲ್ಲಿ ಹವಳದ ದಿಬ್ಬದ ಚಿತ್ರ ನೋಡಿದ್ದಾನೆ. ನೀಲಿ ಬೆಳಕು, ಗಾಳಿಗೆ ತೂಗುವ ಪೈರಿನಂತೆ ಆಡುವ ಹವಳಗಳು, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಮೀನು. "ಅಪ್ಪಾ, ಹಾಲಿನಲ್ಲಿ ಆರಡಿಯ ತೊಟ್ಟಿ ಇಡೋಣ" ಎಂದು ಅವನ ಹಟ. "ಮೊದಲು ಪರೀಕ್ಷೆ ಮುಗೀಲಿ" ಎಂಬುದು ಅಪ್ಪನ ಎಂದಿನ ಉತ್ತರ. "ನೀರು ಚೆಲ್ಲಿದರೆ ಒರೆಸೋರು ಯಾರು?" ಎಂಬುದು ಅಮ್ಮನ ಪ್ರಶ್ನೆ.

ಮೂವರಲ್ಲಿ ಅಮ್ಮನ ಪ್ರಶ್ನೆಯೇ ಹೆಚ್ಚು ವೈಜ್ಞಾನಿಕವಾದದ್ದು. ಏಕೆಂದರೆ ಕಡಲನ್ನು ಮನೆಗೆ ತರುವವನು ಮೊದಲು ಯೋಚಿಸಬೇಕಾದದ್ದು ಮೀನಿನ ಬಣ್ಣವನ್ನಲ್ಲ, ನೀರಿನ ಭಾರವನ್ನು. ಈ ತೊಟ್ಟಿಗೆ ಕಾನೂನಿನ ಒಂದು ದೊಡ್ಡ ತೊಡಕೂ ಇದೆ. ಅದನ್ನು ಕೊನೆಗಿಟ್ಟುಕೊಂಡು, ಮೊದಲು ಹುಡುಗನ ಕೈಗೆ ಪೆನ್ಸಿಲು ಕಾಗದ ಕೊಡುವುದು ಒಳ್ಳೆಯದು. ಕಾಗದದ ಮೇಲೆ ಕಟ್ಟಿದ ತೊಟ್ಟಿ ಸೋರುವುದಿಲ್ಲ.

ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ ಎಂದರೆ ಸುಮಾರು 180, 60, 60 ಸೆಂಟಿಮೀಟರ್. ಗುಣಿಸಿ ಸಾವಿರದಿಂದ ಭಾಗಿಸಿದರೆ 648 ಲೀಟರ್. ಕಡಲ ನೀರು ಲೀಟರಿಗೆ ಸುಮಾರು 1.025 ಕಿಲೋ ತೂಗುವುದರಿಂದ ನೀರಿನ ತೂಕವೇ 660 ಕಿಲೋ ದಾಟುತ್ತದೆ. ಮಾರುತಿ 800 ಕಾರು ತೂಗುತ್ತಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ. ಅದರ ಮೇಲೆ 12 ಮಿಲಿಮೀಟರ್ ದಪ್ಪದ ಗಾಜು ಸುಮಾರು 120 ಕಿಲೋ. ಮರಳು, ಕಲ್ಲು, ಕಬ್ಬಿಣದ ಸ್ಟ್ಯಾಂಡು, ಕೆಳಗಿನ ಇನ್ನೊಂದು ತೊಟ್ಟಿ ಎಲ್ಲ ಸೇರಿ ಒಟ್ಟು ಒಂದು ಟನ್ನು ಮೀರುತ್ತದೆ.

ಈ ಒಂದು ಟನ್ನು ಕೂರುವುದು ಒಂದು ಚದರ ಮೀಟರಿಗಿಂತ ಸ್ವಲ್ಪ ಹೆಚ್ಚಿನ ಜಾಗದಲ್ಲಿ. ಭಾರತೀಯ ಮಾನಕದ ಪ್ರಕಾರ ವಾಸದ ಕೋಣೆಯ ನೆಲವನ್ನು ವಿನ್ಯಾಸ ಮಾಡುವಾಗ ಜನ, ಸಾಮಾನು ಮುಂತಾದ ಭಾರಕ್ಕೆ ಹಿಡಿಯುವ ಲೆಕ್ಕ ಚದರ ಮೀಟರಿಗೆ ಸುಮಾರು 200 ಕಿಲೋ. ತೊಟ್ಟಿಯ ಕೆಳಗಿನ ನೆಲದ ಮೇಲೆ ಅದರ ಐದರಷ್ಟು ಭಾರ. ಹಾಗೆಂದ ಮಾತ್ರಕ್ಕೆ ನೆಲ ಕುಸಿದೇ ಬಿಡುತ್ತದೆ ಎಂದಲ್ಲ. ಕೋಣೆಯ ಉಳಿದ ಭಾಗ ಖಾಲಿ ಇದ್ದರೆ, ತೊಟ್ಟಿ ತೊಲೆಯ ಮೇಲೆ ಅಥವಾ ಭಾರ ಹೊರುವ ಗೋಡೆಯ ಪಕ್ಕ ಬಂದರೆ ಲೆಕ್ಕ ಬೇರೆಯಾಗುತ್ತದೆ. ಆ ಲೆಕ್ಕವನ್ನು ಮಾಡಬೇಕಾದವರು ಕಟ್ಟಡದ ಎಂಜಿನಿಯರು, ಮೀನಿನ ಅಂಗಡಿಯವರಲ್ಲ. ನೆಲಮಹಡಿಯಾದರೆ ಅರ್ಧ ಚಿಂತೆ ಕಡಿಮೆ.

ಇನ್ನು ಗಾಜಿನ ಮೇಲಿನ ಒತ್ತಡ. ಇದು ಒಂಬತ್ತನೇ ತರಗತಿಯ ಭೌತಶಾಸ್ತ್ರವೇ. ಆಳ ಹೆಚ್ಚಿದಂತೆ ಒತ್ತಡ ಹೆಚ್ಚುತ್ತದೆ. ಮುಂದಿನ ಗಾಜನ್ನು ನೀರು ಹೊರಕ್ಕೆ ತಳ್ಳುವ ಒಟ್ಟು ಬಲ ಲೆಕ್ಕ ಹಾಕಿದರೆ ಸುಮಾರು 3,250 ನ್ಯೂಟನ್, ಎಂದರೆ 330 ಕಿಲೋ ತೂಕ ಒರಗಿ ನಿಂತಷ್ಟು. ಉದ್ದವನ್ನು ಎರಡು ಪಟ್ಟು ಮಾಡಿದರೆ ಈ ಬಲ ಎರಡು ಪಟ್ಟಾಗುತ್ತದೆ. ಎತ್ತರವನ್ನು ಎರಡು ಪಟ್ಟು ಮಾಡಿದರೆ ನಾಲ್ಕು ಪಟ್ಟು. ಆದ್ದರಿಂದಲೇ ತಿಳಿದವರು ತೊಟ್ಟಿಯನ್ನು ಉದ್ದಕ್ಕೆ ಬೆಳೆಸುತ್ತಾರೆಯೇ ಹೊರತು ಎತ್ತರಕ್ಕಲ್ಲ. ಸ್ಟ್ಯಾಂಡನ್ನು ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿ, ತಳಕ್ಕೆ ಫೋಮಿನ ಹಾಳೆ ಹಾಸಿ, ಮೊದಲು ಬರೀ ನೀರು ತುಂಬಿ ಕೆಲವು ದಿನ ಕಾಯುವುದು ರೂಢಿ. ಸೋರುವುದಿದ್ದರೆ ಆಗಲೇ ಸೋರಲಿ.

ಕೆಳಗಿನ ತೊಟ್ಟಿಗೆ ಹವ್ಯಾಸಿಗಳು ಸಂಪ್ ಎನ್ನುತ್ತಾರೆ. ಬೆಂಗಳೂರಿಗರ ಮನೆಯಂಗಳದ ಸಂಪಿಗೂ ಇದಕ್ಕೂ ಹೆಸರು ಒಂದೇ. ಮೇಲಿನ ನೀರು ಅಂಚಿನಿಂದ ಇದಕ್ಕೆ ಇಳಿಯುತ್ತದೆ, ಪಂಪು ಮತ್ತೆ ಮೇಲಕ್ಕೆ ಏರಿಸುತ್ತದೆ. ಕರೆಂಟು ಹೋದಾಗ ಪಂಪು ನಿಲ್ಲುತ್ತದೆ, ಆದರೆ ಮೇಲಿನ ನೀರು ಇಳಿಯುವುದು ಆ ಕ್ಷಣಕ್ಕೇ ನಿಲ್ಲುವುದಿಲ್ಲ. ಮೇಲಿನ ತೊಟ್ಟಿಯಲ್ಲಿ ಬರೀ ಎರಡು ಸೆಂಟಿಮೀಟರ್ ಇಳಿದರೂ ಅದು 21 ಲೀಟರಿಗಿಂತ ಹೆಚ್ಚು. ಅಷ್ಟು ಜಾಗವನ್ನು ಸಂಪಿನಲ್ಲಿ ಸದಾ ಖಾಲಿ ಬಿಟ್ಟಿರಬೇಕು. ಇದೇ ಅಮ್ಮನ ಪ್ರಶ್ನೆಗೆ ಉತ್ತರ.

ಉಪ್ಪು ನೀರಿನ ಲೆಕ್ಕ

ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಸಂಪೂ ಸೇರಿ 800 ಲೀಟರಿಗೆ 28 ಕಿಲೋ. ಆದರೆ ಅದು ಅಡುಗೆಮನೆಯ ಉಪ್ಪಲ್ಲ. ಕಡಲ ಲವಣದಲ್ಲಿ ಸೋಡಿಯಂ ಕ್ಲೋರೈಡಿನ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟಾಸಿಯಂ, ಸಲ್ಫೇಟ್ ಎಲ್ಲವೂ ತಮ್ಮ ತಮ್ಮ ಪ್ರಮಾಣದಲ್ಲಿರುತ್ತವೆ. ಲೀಟರೊಂದಕ್ಕೆ ಮೆಗ್ನೀಸಿಯಂ ಸುಮಾರು 1,300 ಮಿಲಿಗ್ರಾಂ, ಕ್ಯಾಲ್ಸಿಯಂ 400ಕ್ಕಿಂತ ಸ್ವಲ್ಪ ಹೆಚ್ಚು. ಈ ಹದದಲ್ಲಿ ಬೆರೆಸಿದ ಲವಣ ಪುಡಿ ಚೀಲಗಳಲ್ಲಿ ದೊರೆಯುತ್ತದೆ.

ಅದನ್ನು ಕರಗಿಸುವ ನೀರೂ ಶುದ್ಧವಾಗಿರಬೇಕು. ನಲ್ಲಿ ನೀರಿನ ಕ್ಲೋರಿನ್ ಮನುಷ್ಯನಿಗೆ ಒಳ್ಳೆಯದು, ಕಡಲ ಜೀವಿಗೆ ವಿಷ. ತಾಮ್ರದ ಲವಲೇಶವೂ ಸಿಗಡಿ, ಹವಳಗಳನ್ನು ಕೊಲ್ಲಬಲ್ಲದು. ಬೋರ್‌ವೆಲ್ ನೀರಿನ ನೈಟ್ರೇಟು ಪಾಚಿಗೆ ಗೊಬ್ಬರ. ಹೀಗಾಗಿ ಆರ್‌ಓ ಯಂತ್ರದಲ್ಲಿ ಸೋಸಿದ ನೀರೇ ಬೇಕು. ಒಂದು ಲೀಟರ್ ಒಳ್ಳೆಯ ನೀರಿಗೆ ಮೂರು ಲೀಟರ್ ಹೊರಕ್ಕೆ ಹೋಗುತ್ತದೆ ಎಂದು ಹಿಡಿದರೂ, ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಭಾಗ ಬದಲಾಯಿಸುವ ಮನೆಯಲ್ಲಿ 80 ಲೀಟರಿಗಾಗಿ 240 ಲೀಟರ್ ಹೊರಬೀಳುತ್ತದೆ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ ಐದು ಸಾವಿರ ರೂಪಾಯಿ ದಂಡ ಎಂದು ಸಾರಿದ ಊರು ಬೆಂಗಳೂರು. ಹೊರಬಿದ್ದ ನೀರು ನೆಲ ಒರೆಸಲು, ಪಾತ್ರೆ ತೊಳೆಯಲು ಆಗುತ್ತದೆಯೇ ಎಂಬ ಯೋಚನೆಯಿಲ್ಲದೆ ಇಂಥ ತೊಟ್ಟಿ ಇಡುವುದು ನೆರೆಹೊರೆಗೆ ಮಾಡುವ ಅನ್ಯಾಯ.

ಹೊಸಬರು ಎಡವುವ ಇನ್ನೊಂದು ಜಾಗವಿದೆ. ತೊಟ್ಟಿಯ ನೀರು ದಿನವೂ ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಆದ್ದರಿಂದ ಕಡಿಮೆಯಾದ ನೀರನ್ನು ತುಂಬಿಸಲು ಹಾಕಬೇಕಾದದ್ದು ಸಿಹಿನೀರು, ಉಪ್ಪುನೀರಲ್ಲ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಂದು ಲೀಟರ್ ನೀರಿಗೆ 35 ಗ್ರಾಂ ಉಪ್ಪು ಹಾಕಿ, ಅಗಲ ಬಾಯಿಯ ಪಾತ್ರೆಯಲ್ಲಿಟ್ಟು ಮಟ್ಟಕ್ಕೆ ಗುರುತು ಹಾಕಬೇಕು. ಕಾಲುಭಾಗ ಆರಿದ ಮೇಲೆ ಲೆಕ್ಕ ಮಾಡಿದರೆ, ಅದೇ 35 ಗ್ರಾಂ ಈಗ 750 ಮಿಲಿಲೀಟರಿನಲ್ಲಿದೆ. ಲೀಟರಿಗೆ 46 ಗ್ರಾಮಿಗಿಂತ ಹೆಚ್ಚಾಯಿತು. ಈಗ ಉಪ್ಪುನೀರನ್ನೇ ಸುರಿದು ಗುರುತಿಗೆ ತಂದರೆ ಏನಾಗುತ್ತದೆ ಎಂಬುದನ್ನು ಮಕ್ಕಳೇ ಹೇಳಲಿ.

ಕಾಣದ ಕೆಲಸಗಾರರು

ನೀರು, ಉಪ್ಪು, ಗಾಜು ಎಲ್ಲ ಸಿದ್ಧವಾದ ದಿನವೇ ಮೀನು ತಂದು ಬಿಟ್ಟರೆ ವಾರದೊಳಗೆ ಅವು ತೇಲುತ್ತವೆ. ಮೀನು ಕಿವಿರಿನಿಂದ ಅಮೋನಿಯಾವನ್ನು ಹೊರಬಿಡುತ್ತದೆ. ಉಳಿದ ಆಹಾರ ಕೊಳೆತರೂ ಅಮೋನಿಯಾ. ಅದು ಘೋರ ವಿಷ. ಕಡಲಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟಾಗಿ, ಇನ್ನೊಂದು ಬಗೆಯದು ಅದನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟಾಗಿ ಬದಲಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಕೆಲಸಗಾರರು ಇರುವುದಿಲ್ಲ. ಅವರು ಬಂದು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಒಂದೂ ಮೀನಿಲ್ಲದ ತೊಟ್ಟಿಗೆ ಚಿಟಿಕೆ ಆಹಾರ ಹಾಕುತ್ತ, ದಿನ ಬಿಟ್ಟು ದಿನ ನೀರನ್ನು ಪರೀಕ್ಷಿಸಿ ಪುಸ್ತಕದಲ್ಲಿ ಬರೆಯುತ್ತ ಕಾಯಬೇಕು. ಅಮೋನಿಯಾ ಏರಿ ಇಳಿಯುತ್ತದೆ. ಅದರ ಬೆನ್ನಿಗೆ ನೈಟ್ರೈಟು ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದ ದಿನ ತೊಟ್ಟಿ ಹದಗೊಂಡಿತು ಎನ್ನಬಹುದು. ಗ್ರಾಫು ಹಾಳೆಯ ಮೇಲೆ ಈ ಎರಡು ಗುಡ್ಡಗಳನ್ನು ತಾನೇ ಬಿಡಿಸಿದ ಹುಡುಗ ಸಾರಜನಕ ಚಕ್ರವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಬೇಕಾಗಿಲ್ಲ.

ಕಡಲ ಕಲ್ಲಿನ ರಂಧ್ರಗಳ ಒಳಗೆ, ಆಮ್ಲಜನಕ ತಲುಪದ ಕಡೆ, ಮೂರನೆಯ ಬಗೆಯ ಬ್ಯಾಕ್ಟೀರಿಯಾ ನೈಟ್ರೇಟನ್ನೂ ಒಡೆದು ಸಾರಜನಕ ಅನಿಲವಾಗಿ ಗಾಳಿಗೆ ಬಿಡುತ್ತವೆ. ಇದರ ಮಹತ್ವವನ್ನು ಮೊದಲು ಬಳಕೆಗೆ ತಂದವರಲ್ಲಿ ಇಂಡೊನೇಷ್ಯದ ಜಕಾರ್ತಾದ ಲೀ ಚಿನ್ ಎಂಗ್ ಒಬ್ಬರು. 1961ರಲ್ಲಿ ಅವರು ಒಂದು ಹವ್ಯಾಸಿ ಪತ್ರಿಕೆಗೆ ತಮ್ಮ ವಿಧಾನವನ್ನು ಬರೆದರು. ಕಡಲಿನ ಜೀವಂತ ಕಲ್ಲು, ಬಿಸಿಲು, ಸಣ್ಣಗೆ ಗಾಳಿಯ ಗುಳ್ಳೆ, ಅಷ್ಟೇ. ಬೇರೆ ಯಂತ್ರವಿಲ್ಲ. ನೀರನ್ನು ಸೋಸಿ ಸೋಸಿ ಚೊಕ್ಕಟ ಮಾಡಿದರೆ ಜೀವಿಗಳು ಬದುಕುತ್ತವೆ ಎಂದು ನಂಬಿದ್ದ ಕಾಲದಲ್ಲಿ, ಕೊಳೆಯನ್ನು ತಿನ್ನುವವರನ್ನು ಸಾಕಿದರೆ ಸಾಕು ಎಂಬ ಮಾತು ಹೊಸದಾಗಿತ್ತು.

ಮುಂದೆ ಜರ್ಮನಿಯ ಹವ್ಯಾಸಿಗಳು, ಮುಖ್ಯವಾಗಿ ಬರ್ಲಿನ್ನಿನವರು, ಇದಕ್ಕೆ ನೊರೆ ತೆಗೆಯುವ ಯಂತ್ರವನ್ನು ಜೋಡಿಸಿದರು. ಅಲೆ ಬಡಿದ ದಂಡೆಯಲ್ಲಿ ಹಳದಿ ನೊರೆ ಕಟ್ಟುವುದನ್ನು ಮಲ್ಪೆಯಲ್ಲೋ ಕಾರವಾರದಲ್ಲೋ ನೋಡಿದವರಿದ್ದಾರೆ. ನೀರಿನಲ್ಲಿ ಕರಗಿದ ಜೈವಿಕ ಕಶ್ಮಲ ಗಾಳಿಗುಳ್ಳೆಯ ಮೈಗೆ ಅಂಟಿಕೊಂಡು ಮೇಲೆ ಬರುವುದೇ ಆ ನೊರೆ. ಯಂತ್ರ ಮಾಡುವುದೂ ಅದನ್ನೇ. ಉದ್ದನೆಯ ಕೊಳವೆಯಲ್ಲಿ ಸಣ್ಣ ಸಣ್ಣ ಗುಳ್ಳೆ ಎಬ್ಬಿಸಿ, ಉಕ್ಕಿದ ನೊರೆಯನ್ನು ಒಂದು ಬಟ್ಟಲಿಗೆ ಹರಿಸುತ್ತದೆ. ಬಟ್ಟಲಲ್ಲಿ ಕೂಡುವ ಕಪ್ಪು ಕಷಾಯದ ವಾಸನೆ ಒಮ್ಮೆ ಮೂಗಿಗೆ ಬಿದ್ದವರು ಅದನ್ನು ಖಾಲಿ ಮಾಡುವುದನ್ನು ಮರೆಯುವುದಿಲ್ಲ.

ಬೆಳಕು ಮತ್ತು ಸುಣ್ಣ

ಬಿಸಿ ಕಡಲುಗಳಲ್ಲಿ ದಿಬ್ಬ ಕಟ್ಟುವ ಹವಳ ಪ್ರಾಣಿಯೇ ಆದರೂ ಅದರ ಅಂಗಾಂಶದೊಳಗೆ ಸೂಕ್ಷ್ಮ ಪಾಚಿ ಮನೆ ಮಾಡಿರುತ್ತದೆ. ಪಾಚಿ ಬೆಳಕಿನಿಂದ ಸಕ್ಕರೆ ಮಾಡಿ ಹವಳಕ್ಕೆ ಕೊಡುತ್ತದೆ. ಬಾಡಿಗೆಯಾಗಿ ವಾಸಕ್ಕೆ ಜಾಗವನ್ನೂ ಹವಳದ ಕಸವನ್ನೂ ಪಡೆಯುತ್ತದೆ. ಆದ್ದರಿಂದ ಈ ಹವಳಗಳ ತೊಟ್ಟಿಗೆ ದಿನಕ್ಕೆ ಎಂಟು ಹತ್ತು ಗಂಟೆ ಪ್ರಬಲವಾದ, ನೀಲಿ ಹೆಚ್ಚಿರುವ ಬೆಳಕು ಬೇಕು. ನೀರಿನಾಳಕ್ಕೆ ಇಳಿಯುವುದು ನೀಲಿಯೇ; ಕೆಂಪು ಮೇಲೆಯೇ ಇಂಗಿಹೋಗುತ್ತದೆ. ಹಿಂದೆ ಇದಕ್ಕೆ ಕಾದು ಕೆಂಡವಾಗುವ ಮೆಟಲ್ ಹ್ಯಾಲೈಡ್ ದೀಪಗಳಿದ್ದವು; ಈಗ ಎಲ್‌ಇಡಿ ಬಂದು ಆ ಕಷ್ಟ ಅರ್ಧ ಕಡಿಮೆಯಾಗಿದೆ.

ನೀರಿನ ತಾಪ 24ರಿಂದ 27 ಡಿಗ್ರಿಯ ಒಳಗೆ ನಿಲ್ಲಬೇಕು. ಅದು 30ನ್ನು ದಾಟಿ ವಾರಗಟ್ಟಲೆ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬಹಳ ದಿನ ಹಾಗೇ ಇದ್ದರೆ ಸಾಯುತ್ತದೆ. ಮಂಗಳೂರಿನಲ್ಲಿ ವರ್ಷದ ಬಹುಪಾಲು, ಬೆಂಗಳೂರಿನಲ್ಲಿ ಮಾರ್ಚಿನಿಂದ ಮೇವರೆಗೆ ಇದಕ್ಕೆ ಚಿಲ್ಲರ್ ಯಂತ್ರ ಬೇಕು. ಎಂದರೆ ಮೀನಿಗೊಂದು ಫ್ರಿಜ್ಜು.

ಹವಳ ತನ್ನ ಮನೆ ಕಟ್ಟುವುದು ಸುಣ್ಣದ ಕಲ್ಲಿನಿಂದ. ನೀರಿನ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟನ್ನು ಹೀರಿ ಅದು ಕಲ್ಲು ಕಟ್ಟುತ್ತ ಹೋದಂತೆ ನೀರಿನಲ್ಲಿ ಅವೆರಡೂ ಇಳಿಯುತ್ತವೆ. ಕಡಲಿಗೆ ಅದು ಲೆಕ್ಕಕ್ಕಿಲ್ಲ. 650 ಲೀಟರಿಗೆ ದೊಡ್ಡ ಲೆಕ್ಕ. ಇದಕ್ಕೆ ಜರ್ಮನರು ಬಳಕೆಗೆ ತಂದ ಔಷಧ ಎಲೆಅಡಿಕೆ ಹಾಕುವ ಅಜ್ಜಿಗೆ ಗೊತ್ತಿರುವ ವಸ್ತುವೇ: ಸುಣ್ಣದ ತಿಳಿನೀರು. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಸಿಹಿನೀರಿನಲ್ಲಿ ಕಲಕಿ, ಕೆಳಗೆ ಕೂತದ್ದನ್ನು ಬಿಟ್ಟು, ತಿಳಿಯನ್ನು ರಾತ್ರಿಯಿಡೀ ಹನಿಹನಿಯಾಗಿ ಬಿಡುತ್ತಾರೆ. ರಾತ್ರಿಯೇ ಏಕೆ? ದೀಪ ಆರಿದ ಮೇಲೆ ಎಲ್ಲ ಜೀವಿಗಳೂ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ, ನೀರಿನ ಕ್ಷಾರಗುಣ ಇಳಿಯುತ್ತದೆ. ಸುಣ್ಣದ ತಿಳಿ ಅದನ್ನು ಸರಿತೂಗಿಸುತ್ತದೆ. ಒಮ್ಮೆಲೇ ಸುರಿದರೆ ಮಾತ್ರ ತೊಟ್ಟಿಯೇ ಸುಟ್ಟಂತೆ. ಸುಣ್ಣ ಹೆಚ್ಚಾದರೆ ಬಾಯಿ ಏನಾಗುತ್ತದೆಂದು ಅಜ್ಜಿಯನ್ನು ಕೇಳಬಹುದು.

ಇಷ್ಟಕ್ಕೆಲ್ಲ ವಿದ್ಯುತ್ತು ಬೇಕು. ದೀಪ 300 ವಾಟ್, ದಿನಕ್ಕೆ ಒಂಬತ್ತು ಗಂಟೆ: 2.7 ಯೂನಿಟ್. ಎಲ್ಲ ಪಂಪುಗಳೂ ಸೇರಿ 150 ವಾಟ್, ದಿನವಿಡೀ: 3.6 ಯೂನಿಟ್. ಚಿಲ್ಲರ್ 400 ವಾಟ್, ದಿನದಲ್ಲಿ ಅರ್ಧ ಹೊತ್ತು ಓಡಿದರೆ 4.8 ಯೂನಿಟ್. ದಿನಕ್ಕೆ 11 ಯೂನಿಟ್ ದಾಟಿತು, ತಿಂಗಳಿಗೆ 330. ಇದು ಅಂದಾಜಿನ ಲೆಕ್ಕವಾದರೂ ಅಪ್ಪನ ಮುಖದಲ್ಲಿ ಆಗುವ ಬದಲಾವಣೆ ಅಂದಾಜಿನದಲ್ಲ. ಕರೆಂಟು ಹೋದರೆ ಬಿಲ್ಲಿಗಿಂತ ದೊಡ್ಡ ಚಿಂತೆ. ನೀರು ಆಡದೆ ನಿಂತರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಇಳಿಯುತ್ತದೆ. ಕನಿಷ್ಠ ಒಂದು ಪಂಪಿಗಾದರೂ ಬ್ಯಾಟರಿ ಇರಬೇಕು. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ, ಪ್ರತಿ ತಂತಿಯೂ ಪ್ಲಗ್ಗಿಗೆ ನೇರವಾಗಿ ಇಳಿಯದೆ ಒಮ್ಮೆ ಕೆಳಗೆ ಬಾಗಿ ಆಮೇಲೆ ಮೇಲೇರುವಂತಿರಬೇಕು. ತಂತಿಗುಂಟ ಜಾರಿದ ಹನಿ ಬಾಗಿನಲ್ಲೇ ಕೆಳಗೆ ಬೀಳುತ್ತದೆ. ಶಾಕ್ ತಡೆಯುವ ಬ್ರೇಕರ್ ಇಲ್ಲದ ಮನೆಯಲ್ಲಿ ಈ ಸಾಹಸ ಬೇಡವೇ ಬೇಡ.

ಹುಲಿಯ ಪಟ್ಟಿಯಲ್ಲಿ ಹವಳ

ಈಗ ಬಾಕಿ ಉಳಿದಿದ್ದ ತೊಡಕು. ನೆಲ ಗಟ್ಟಿಯಿದೆ, ಹಣವಿದೆ, ತಾಳ್ಮೆಯೂ ಇದೆ ಎಂದುಕೊಂಡರೂ ಭಾರತದ ಮನೆಯಲ್ಲಿ ಆ ಹುಡುಗ ಟೀವಿಯಲ್ಲಿ ಕಂಡ ಗಟ್ಟಿ ಹವಳವನ್ನು ಇಡುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಹವಳಗಳನ್ನೂ ಕರಿಹವಳ, ಬೆಂಕಿಹವಳ, ಕಡಲ ಬೀಸಣಿಗೆಗಳನ್ನೂ ಸೇರಿಸಲಾಯಿತು. ಸಮುದ್ರಕುದುರೆ, ಸಮುದ್ರಸೌತೆಗಳೂ ಆ ಪಟ್ಟಿಗೆ ಬಂದವು. ಹುಲಿ, ಆನೆ ಇರುವ ಪಟ್ಟಿಯೇ ಅದು. ಸತ್ತ ಹವಳದ ತುಂಡಿಗೂ ಕಾಯ್ದೆ ಅನ್ವಯಿಸುತ್ತದೆ. ಮೊದಲನೇ ಅನುಸೂಚಿಯ ಪ್ರಾಣಿಯ ಮೇಲಿನ ಅಪರಾಧಕ್ಕೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಸೆರೆ. 2022ರ ತಿದ್ದುಪಡಿಯ ನಂತರ ದಂಡ ಕನಿಷ್ಠ 25,000 ರೂಪಾಯಿ. "ಎಲ್ಲರೂ ಇಟ್ಟಿದ್ದಾರೆ, ಏನೂ ಆಗೋಲ್ಲ" ಎಂದು ಯಾರಾದರೂ ಹೇಳಿದರೆ ಆ ಮಾತನ್ನು ನಂಬುವ ಮೊದಲು ಈ ಅಂಕಿಗಳನ್ನು ನೆನೆಯಬೇಕು.

ಇಷ್ಟು ಬಿಗಿ ಏಕೆ ಎಂದು ಹುಡುಗ ಕೇಳುವುದು ನ್ಯಾಯವೇ. ಉತ್ತರ ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿದೆ. ಅಲ್ಲಿ ದಶಕಗಳ ಕಾಲ ಹವಳದ ದಿಬ್ಬಗಳನ್ನು ಒಡೆದು ಸುಣ್ಣಕ್ಕೆ, ಕಟ್ಟಡಕ್ಕೆ ಸಾಗಿಸಿದರು. ಅಲೆಯ ಹೊಡೆತವನ್ನು ತಡೆಯುತ್ತಿದ್ದ ಗೋಡೆಯೇ ಹೋಯಿತು. ಆ ಕೊಲ್ಲಿಯ 21 ಸಣ್ಣ ದ್ವೀಪಗಳಲ್ಲಿ ಎರಡು ಈಗ ನೀರಿನಡಿಯಲ್ಲಿವೆ. ಜೊತೆಗೆ ಬಿಸಿಯ ಹೊಡೆತ. 1998ರಲ್ಲಿ ಕಡಲು ಕಾದಾಗ ಲಕ್ಷದ್ವೀಪದ ಹವಳಗಳು ಬೆಳ್ಳಗಾಗಿ ದೊಡ್ಡ ಪ್ರಮಾಣದಲ್ಲಿ ಸತ್ತವು. 2010, 2016, 2024ರಲ್ಲಿ ಮತ್ತೆ ಬೆಳ್ಳಗಾದವು. ಜಗತ್ತಿನ ಹವಳಗಳು ನಾಲ್ಕನೆಯ ಸಲ ಸಾಮೂಹಿಕವಾಗಿ ಬಿಳಿಚಿಕೊಂಡಿವೆ ಎಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಸಾರಿದರು. ಬೆನ್ನುಬೆನ್ನಿಗೆ ಏಟು ತಿಂದು ಏಳಲು ಹೆಣಗುತ್ತಿರುವ ಜೀವಿಯ ಮನೆಯಿಂದ ಇನ್ನೊಂದು ತುಂಡು ಮುರಿಯುವುದು ಬೇಡ ಎಂಬುದೇ ಕಾಯ್ದೆಯ ತಾತ್ಪರ್ಯ.

ಮೀನಿನ ವಿಷಯದಲ್ಲೂ ಕೇಳಬೇಕಾದ ಪ್ರಶ್ನೆಯಿದೆ: ಇದು ಎಲ್ಲಿಂದ ಬಂತು? ಫಿಲಿಪ್ಪೀನ್ಸ್ ಮುಂತಾದ ಕಡೆ 1960ರ ದಶಕದಿಂದ ದಿಬ್ಬದ ಸಂದುಗಳಿಗೆ ಸಯನೈಡ್ ಚಿಮುಕಿಸಿ, ಮಂಕಾದ ಮೀನುಗಳನ್ನು ಹಿಡಿಯುವ ಕೆಟ್ಟ ಪದ್ಧತಿ ಬೆಳೆಯಿತು. ಮೀನು ಅಂಗಡಿಗೆ ಬಂದರೂ ಹಿಂದೆ ಉಳಿದ ಹವಳ ಸಾಯುತ್ತದೆ. ಆದರೆ ಕ್ಲೌನ್ ಮೀನನ್ನು ತೊಟ್ಟಿಯಲ್ಲೇ ಮರಿ ಮಾಡಿಸಬಹುದು. ಭಾರತದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ಈ ವಿದ್ಯೆಯನ್ನು ಬೆಳೆಸಿದೆ. ಸಾಕಣೆಯಲ್ಲಿ ಹುಟ್ಟಿದ ಮೀನು ಎಂದು ಖಚಿತವಾದರೆ ಮಾತ್ರ ಕೊಳ್ಳುವುದು ಸರಿ.

ಹಾಗಾದರೆ ಹುಡುಗನ ಆಸೆಗೆ ಎಳ್ಳುನೀರೇ? ಹಾಗೇನಿಲ್ಲ. ಆರಡಿಯ ಬದಲು ಮೂರಡಿಯ ತೊಟ್ಟಿ. ಹವಳದ ಬದಲು ಸುಟ್ಟ ಮಣ್ಣಿನಿಂದ ಮಾಡಿದ ರಂಧ್ರಗಳುಳ್ಳ ಕಲ್ಲು. ಎರಡೇ ಎರಡು ಸಾಕಿದ ಕ್ಲೌನ್ ಮೀನು. ಬ್ಯಾಕ್ಟೀರಿಯಾಗಳಿಗೆ ಕಲ್ಲು ಹವಳದ್ದೇ ಆಗಬೇಕೆಂಬ ಹಟವಿಲ್ಲ. ಹವಳವಿಲ್ಲದ ಮೇಲೆ ಪ್ರಬಲ ದೀಪವೂ ಬೇಡ, ಸುಣ್ಣದ ತಿಳಿಯೂ ಬೇಡ. ಬಿಲ್ಲೂ ಭಾರವೂ ಇಳಿಯುತ್ತವೆ. ಆ ಎರಡು ಮೀನುಗಳಲ್ಲಿಯೇ ಒಂದು ವಿಸ್ಮಯವಿದೆ. ಕ್ಲೌನ್ ಮೀನುಗಳೆಲ್ಲ ಗಂಡಾಗಿಯೇ ಬೆಳೆಯುತ್ತವೆ. ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಇದನ್ನು ಪುಸ್ತಕದಲ್ಲಿ ಓದುವುದು ಬೇರೆ, ನಡುಮನೆಯಲ್ಲಿ ಕಾಣುವುದು ಬೇರೆ.

ತೊಟ್ಟಿ ಕಲಿಸಿದ ಪಾಠ

ಇದೆಲ್ಲ ಹಣವಂತರ ಶೋಕಿ ಎಂದು ತಳ್ಳಿಹಾಕುವಂತೆಯೂ ಇಲ್ಲ. ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಬಯೋಸ್ಫಿಯರ್-2 ಎಂಬ ಗಾಜಿನ ಲೋಕವೊಂದನ್ನು ಕಟ್ಟಿ, 1991ರಲ್ಲಿ ಎಂಟು ಜನರನ್ನು ಒಳಗಿಟ್ಟು ಬಾಗಿಲು ಹಾಕಿದರು. ಅದರೊಳಗೆ ಸುಮಾರು 26 ಲಕ್ಷ ಲೀಟರಿನ ಕಡಲು, ಅದರಲ್ಲಿ ಹವಳ. ಒಂದರ್ಥದಲ್ಲಿ ಅದೂ ಮನೆಯೊಳಗಿನ ಅಕ್ವೇರಿಯಮ್ಮೇ. ಮುಂದೆ ಆ ಕಡಲಿನಲ್ಲಿಯೇ ಕ್ರಿಸ್ ಲ್ಯಾಂಗ್ಡನ್ ಮತ್ತು ಸಂಗಡಿಗರು ನೀರಿನ ರಸಾಯನವನ್ನು ಬದಲಿಸುತ್ತ ಹವಳ ಎಷ್ಟು ಸುಣ್ಣ ಕಟ್ಟುತ್ತದೆಂದು ಅಳೆದರು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೆಚ್ಚಿ ನೀರಿನಲ್ಲಿ ಕಾರ್ಬೊನೇಟ್ ಕಡಿಮೆಯಾದರೆ ಹವಳ ಕಟ್ಟುವ ವೇಗವೂ ಇಳಿಯುತ್ತದೆ ಎಂದು 2000ದಲ್ಲಿ ಪ್ರಕಟಿಸಿದರು. ಹೊಗೆ ಕಾರುವುದು ಊರಿನಲ್ಲಿ. ಗೋಡೆ ತೆಳುವಾಗುವುದು ಕಡಲಿನಲ್ಲಿ.

ಲಂಡನ್ನಿನ ಹಾರ್ನಿಮನ್ ಮ್ಯೂಸಿಯಮ್ಮಿನಲ್ಲಿ ಜೇಮಿ ಕ್ರ್ಯಾಗ್ಸ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಡಲಿನಲ್ಲಿ ಅನೇಕ ಹವಳಗಳು ವರ್ಷಕ್ಕೊಮ್ಮೆ, ಹುಣ್ಣಿಮೆಯ ಆಸುಪಾಸಿನ ರಾತ್ರಿಗಳಲ್ಲಿ, ಒಟ್ಟಿಗೆ ಮೊಟ್ಟೆ ಮತ್ತು ವೀರ್ಯವನ್ನು ಬಿಡುತ್ತವೆ. ಇವರು ತೊಟ್ಟಿಯಲ್ಲಿಯೇ ವರ್ಷದ ಬಿಸಿ ತಂಪು, ಹಗಲಿನ ಉದ್ದ, ಚಂದ್ರನ ಬೆಳಕು ಎಲ್ಲವನ್ನೂ ಯಂತ್ರಗಳಿಂದ ಅನುಕರಿಸಿ ಹವಳಗಳನ್ನು ನಂಬಿಸಿದರು. ಕಡಲಿಲ್ಲದ ಲಂಡನ್ನಿನಲ್ಲಿ ಹವಳ ಮೊಟ್ಟೆ ಬಿಟ್ಟಿತು. ಈ ವಿಧಾನದ ನೆರವಿನಿಂದಲೇ 2019ರಲ್ಲಿ ಫ್ಲಾರಿಡಾದ ಅಕ್ವೇರಿಯಮ್ಮೊಂದರಲ್ಲಿ, ಕಡಲಿನಲ್ಲಿ ಅಳಿಯುತ್ತಿದ್ದ ಕಂಬಹವಳ ಮೊಟ್ಟೆಯಿಟ್ಟಿತು. ಈಗ ತೊಟ್ಟಿಯಲ್ಲಿ ಹುಟ್ಟಿದ ಮರಿಗಳನ್ನು ಮತ್ತೆ ಕಡಲಿಗೆ ನೆಡುವ ಪ್ರಯತ್ನಗಳು ನಡೆದಿವೆ. ಆನಾ ಥಿನ್ ಕಡಲಿನಿಂದ ಲಂಡನ್ನಿಗೆ ತಂದ ದಾರಿಯಲ್ಲೇ ಹವಳ ಹಿಂದಿರುಗುತ್ತಿದೆ ಎನ್ನಬಹುದು.

ಬೆಂಗಳೂರಿನ ಹುಡುಗನಿಗೆ ಹವಳವನ್ನು ಕಾಣುವ ಇನ್ನೊಂದು ದಾರಿ ಹತ್ತಿರದಲ್ಲೇ ಇದೆ. ಉತ್ತರ ಕನ್ನಡದ ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ದ್ವೀಪ. ಅದರ ಸುತ್ತಿನ ನೀರಿನಲ್ಲಿ ಹವಳಗಳಿವೆ, ಅವುಗಳ ನಡುವೆ ಬಣ್ಣದ ಮೀನುಗಳಿವೆ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ತರಬೇತಾದವರ ಜೊತೆಯಲ್ಲಿ ನೀರಿಗಿಳಿದು ನೋಡಬಹುದು. ಅಲ್ಲಿ ದೀಪದ ಬಿಲ್ಲಿಲ್ಲ, ಪಂಪಿಲ್ಲ, ಚಿಲ್ಲರ್ ಇಲ್ಲ. ಗಾಳಿ, ಅಲೆ, ಬಿಸಿಲು, ಬ್ಯಾಕ್ಟೀರಿಯಾ ಎಲ್ಲವೂ ಸಂಬಳವಿಲ್ಲದೆ ಆ ಕೆಲಸ ಮಾಡುತ್ತಿವೆ. ಮುಟ್ಟದೆ, ಮುರಿಯದೆ, ಮೇಲೆ ನಿಲ್ಲದೆ ಬರುವುದಷ್ಟೇ ನೋಡುವವನ ಪಾಲಿನ ಕೆಲಸ.

650 ಲೀಟರ್ ನೀರನ್ನು ಒಂದು ದಿನ ಸರಿಯಾಗಿ ಇಡಲು ಏನೆಲ್ಲ ಬೇಕೆಂದು ಕಾಗದದ ಮೇಲೆ ಲೆಕ್ಕ ಹಾಕಿದ ಹುಡುಗ ನೇತ್ರಾಣಿಯ ನೀರಿಗೆ ಮುಖವಿಟ್ಟು ನೋಡಿದಾಗ ಬೇರೆಯದೇ ಕಣ್ಣಿನಿಂದ ನೋಡುತ್ತಾನೆ. ಪರೀಕ್ಷೆ ಮುಗಿದ ಮೇಲೆ ಅಪ್ಪ ಅವನನ್ನು ಕರೆದುಕೊಂಡು ಹೋಗಲಿ. ಅಮ್ಮನೂ ಹೋಗಲಿ, ಅಲ್ಲಿ ಚೆಲ್ಲಿದ ನೀರನ್ನು ಯಾರೂ ಒರೆಸಬೇಕಾಗಿಲ್ಲ.